ಜಿಆರ್‌ಇ: ಇದು ಓದಿನ ಪರೀಕ್ಷೆ

(ಪದವಿ ಮುಗಿಸಿ ವಿದೇಶದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಮುಂದೆ ಓದಲು ಅರ್ಜಿ ಹಾಕುವವರು ಬರೆಯುವ ಪರೀಕ್ಷೆ ಜಿಆರ್‌ಇ. ಅದರ ಬಗ್ಗೆ ಎಂಜಿನಿಯರಿಂಗ್ ಕಾಲೇಜೊಂದರ ಮೂರನೇ ಮತ್ತು ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆಯುತ್ತೇನೆ. ಎಡಗಡೆ ಎಕ್ಸ್‌ನ ವರ್ಗ. ಬಲಗಡೆ ಬರೀ ಎಕ್ಸ್. ಎಕ್ಸ್ ಸೊನ್ನೆ ಅಲ್ಲ ಅಂತ ಮಾತ್ರ ಹೇಳಿದ್ದಾರೆ, ಬೇರೆ ಏನೂ ಕೊಟ್ಟಿಲ್ಲ. ಎರಡರಲ್ಲಿ ಯಾವುದು ದೊಡ್ಡದು?

ಎಡಗಡೆಯದು ಅಂತ ಜಾಸ್ತಿ ಕೈಗಳು ಮೇಲೆ ಬಂದಿವೆ. ಹಿಂದಿನ ಬೆಂಚಿನಿಂದ ಯಾರೋ ‘ಮೈನಸ್ ಇದ್ರೆ ಸರ್?’ ಅಂದರು. ಒಳ್ಳೆಯ ಪ್ರಶ್ನೆ. ಮೈನಸ್ 3 ಹಾಕಿ ನೋಡೋಣ. ವರ್ಗ 9. ಆಗಲೂ ಎಡಗಡೆಯೇ ದೊಡ್ಡದು. ಈಗ ಎಕ್ಸ್ ಜಾಗದಲ್ಲಿ ಅರ್ಧ ಹಾಕಿ. ಅರ್ಧದ ವರ್ಗ ಕಾಲು. ಬಲಗಡೆ ದೊಡ್ಡದಾಯಿತು. 1 ಹಾಕಿದರೆ ಎರಡೂ ಸಮ. ಅಂದರೆ ಸರಿ ಉತ್ತರ ‘ಕೊಟ್ಟಿರುವ ಮಾಹಿತಿಯಿಂದ ಹೇಳಲು ಬರುವುದಿಲ್ಲ’. ಜಿಆರ್‌ಇಯಲ್ಲಿ ಇಂಥ ಹೋಲಿಕೆಯ ಪ್ರಶ್ನೆಗಳಿಗೆ ಯಾವಾಗಲೂ ನಾಲ್ಕೇ ಆಯ್ಕೆ. ಇದು ನಾಲ್ಕನೆಯದು.

ಈಗ ಅದೇ ಪ್ರಶ್ನೆಗೆ ಎರಡು ಮಾತು ಸೇರಿಸುತ್ತೇನೆ: ‘ಎಕ್ಸ್ ಒಂದು ಪೂರ್ಣಾಂಕ, 1ಕ್ಕಿಂತ ದೊಡ್ಡದು’. ಈಗ ಎಡಗಡೆಯೇ ದೊಡ್ಡದು, ಅನುಮಾನವೇ ಇಲ್ಲ. ಲೆಕ್ಕ ಬದಲಾಗಲಿಲ್ಲ, ಅಲ್ವಾ? ಬದಲಾಗಿದ್ದು ಓದಬೇಕಾದ ಸಾಲು ಮಾತ್ರ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ. ಜಿಆರ್‌ಇ ಅಂದರೆ ಅರ್ಧ ಗಣಿತ, ಅರ್ಧ ಇಂಗ್ಲಿಷ್ ಪದಗಳು ಅಂತ ನಮ್ಮಲ್ಲಿ ತುಂಬ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ನಿಜಕ್ಕೂ ಅದು ಶುರುವಿನಿಂದ ಕೊನೆಯವರೆಗೂ ಓದಿನ ಪರೀಕ್ಷೆ. ಮುಂದೆ ಇರುವ ಸಾಲಿನಲ್ಲಿ ಏನು ಹೇಳಿದ್ದಾರೆ, ಏನು ಹೇಳಿಲ್ಲ ಅನ್ನುವುದನ್ನು ಗಡಿಯಾರದ ಕೆಳಗೆ ಕೂತು ನೋಡಬಲ್ಲಿರಾ ಅಂತ ಅದು ಕೇಳುತ್ತದೆ.

ಇಂಥ ಪರೀಕ್ಷೆ ಯಾಕೆ ಹುಟ್ಟಿತು ಅಂತ ತಿಳಿದರೆ ಅದರ ಸ್ವಭಾವವೂ ತಿಳಿಯುತ್ತದೆ. 1936ರಲ್ಲಿ ಅಮೆರಿಕದ ಕಾರ್ನೆಗೀ ಫೌಂಡೇಶನ್, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ ವಿಶ್ವವಿದ್ಯಾಲಯಗಳ ಜೊತೆ ಸೇರಿ ಇದನ್ನು ಒಂದು ಪ್ರಯೋಗವಾಗಿ ಶುರು ಮಾಡಿತು. ಬೇರೆ ಬೇರೆ ಕಾಲೇಜುಗಳಿಂದ ಬರುವ ಹುಡುಗರ ಅಂಕಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಕಷ್ಟವಾಗಿತ್ತು. ಎಲ್ಲರಿಗೂ ಒಂದೇ ಅಳತೆಗೋಲು ಬೇಕಿತ್ತು. 1947ರ ಕೊನೆಯಲ್ಲಿ ಇಟಿಎಸ್ ಅನ್ನುವ ಸಂಸ್ಥೆ ಹುಟ್ಟಿತು. ಪ್ರಿನ್ಸ್‌ಟನ್ ಹತ್ತಿರ ಇರುವ ಆ ಸಂಸ್ಥೆಯೇ ಇವತ್ತಿಗೂ ಈ ಪರೀಕ್ಷೆ ನಡೆಸುತ್ತಿದೆ.

ಆ ಕಷ್ಟ ನಮಗೂ ಗೊತ್ತಿರುವುದೇ. ವಿಟಿಯು ಕಾಲೇಜೊಂದರಲ್ಲಿ ಕಷ್ಟಪಟ್ಟು 7.8 ಸಿಜಿಪಿಎ ತೆಗೆದ ಹುಡುಗಿ ಇದ್ದಾಳೆ. ಸ್ವಾಯತ್ತ ಕಾಲೇಜೊಂದರಲ್ಲಿ 9.2 ತೆಗೆದ ಹುಡುಗ ಇದ್ದಾನೆ. ಇಬ್ಬರಲ್ಲಿ ಯಾರು ಚೆನ್ನಾಗಿ ಓದಿದ್ದಾರೆ ಅಂತ ನಮಗೇ ಹೇಳುವುದು ಕಷ್ಟ. ಏಳು ಸಮುದ್ರದ ಆಚೆ ಕೂತು ಅರ್ಜಿ ನೋಡುವ ಪ್ರೊಫೆಸರ್‌ಗೆ ಹೇಗೆ ಗೊತ್ತಾಗಬೇಕು? ಹೆಸರು ಕೇಳದ ಊರಿನ, ಹೆಸರು ಕೇಳದ ಕಾಲೇಜಿನ ವಿದ್ಯಾರ್ಥಿಗೆ ಈ ಅಂಕ ಒಂದು ಪರಿಚಯ ಪತ್ರದ ಹಾಗೆ. ಅದಕ್ಕಿಂತ ಹೆಚ್ಚೂ ಅಲ್ಲ. ಅದು ಬುದ್ಧಿಯ ಅಳತೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಪರೀಕ್ಷೆಯ ಈಗಿನ ರೂಪವನ್ನು ಬೇಗ ಹೇಳಿಬಿಡುತ್ತೇನೆ. ನಾನು ಬರೆದಾಗ ಮೂರೂ ಮುಕ್ಕಾಲು ಗಂಟೆ ಕೂರಬೇಕಿತ್ತು. 2023ರ ಸೆಪ್ಟೆಂಬರ್‌ನಿಂದ ಅದನ್ನು 1 ಗಂಟೆ 58 ನಿಮಿಷಕ್ಕೆ ಇಳಿಸಿದ್ದಾರೆ. ಮೊದಲು ಒಂದು ಪ್ರಬಂಧ, 30 ನಿಮಿಷ. ಆಮೇಲೆ ವರ್ಬಲ್, ಅಂದರೆ ಇಂಗ್ಲಿಷ್ ಓದು ಮತ್ತು ಪದಗಳದ್ದು, ಎರಡು ಭಾಗ: 12 ಪ್ರಶ್ನೆಗೆ 18 ನಿಮಿಷ, 15 ಪ್ರಶ್ನೆಗೆ 23 ನಿಮಿಷ. ಕ್ವಾಂಟ್, ಅಂದರೆ ಗಣಿತದ್ದು, ಎರಡು ಭಾಗ: 12 ಪ್ರಶ್ನೆಗೆ 21 ನಿಮಿಷ, 15 ಪ್ರಶ್ನೆಗೆ 26 ನಿಮಿಷ. ನಡುವೆ ಬಿಡುವು ಇಲ್ಲ. ವರ್ಬಲ್, ಕ್ವಾಂಟ್ ಎರಡಕ್ಕೂ 130ರಿಂದ 170ರವರೆಗೆ ಅಂಕ. ಪ್ರಬಂಧಕ್ಕೆ 0ಯಿಂದ 6. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅಂಕ 5 ವರ್ಷ ನಡೆಯುತ್ತದೆ.

ನೀವೆಲ್ಲ ಸಿಇಟಿ ಬರೆದು ಬಂದವರು. ಅಲ್ಲಿ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡು. ಇಲ್ಲಿ ಕ್ವಾಂಟ್‌ನಲ್ಲಿ ಒಂದು ಪ್ರಶ್ನೆಗೆ ಸುಮಾರು 105 ಸೆಕೆಂಡು ಸಿಗುತ್ತದೆ. ಸಿಇಟಿಯಲ್ಲಿ ಇಂಟಿಗ್ರೇಶನ್ ಮಾಡಿದ್ದೀರಿ. ಇಲ್ಲಿ ಇಂಟಿಗ್ರೇಶನ್ ಇಲ್ಲ, ಡಿಫರೆನ್ಷಿಯೇಶನ್ ಇಲ್ಲ, ಟ್ರಿಗನಾಮೆಟ್ರಿ ಕೂಡ ಇಲ್ಲ. ಹೆಚ್ಚುಕಡಿಮೆ ಹತ್ತನೇ ಕ್ಲಾಸಿನ ಅಂಕಗಣಿತ, ಬೀಜಗಣಿತ, ರೇಖಾಗಣಿತ, ಸ್ವಲ್ಪ ಸಂಖ್ಯಾಶಾಸ್ತ್ರ. ಸ್ಕ್ರೀನಿನ ಮೇಲೆ ಒಂದು ಸಣ್ಣ ಕ್ಯಾಲ್ಕುಲೇಟರ್ ಕೂಡ ಇರುತ್ತದೆ. ಗೇಟ್‌ಗೆ ಓದುತ್ತಿರುವವರು ನಿಮ್ಮಲ್ಲಿ ಇದ್ದೀರಿ. ಗೇಟ್ ನಿಮ್ಮ ಬ್ರಾಂಚಿನಲ್ಲಿ ಏನು ಕಲಿತಿದ್ದೀರಿ ಅಂತ ಕೇಳುತ್ತದೆ. ಜಿಆರ್‌ಇ ಅದನ್ನು ಕೇಳುವುದೇ ಇಲ್ಲ. ನೀವು ಸಿವಿಲ್ ಆಗಿರಿ, ಇತಿಹಾಸದ ವಿದ್ಯಾರ್ಥಿ ಆಗಿರಿ, ಪತ್ರಿಕೆ ಒಂದೇ.

ಹಾಗಾದರೆ ನಮ್ಮವರು ಕ್ವಾಂಟ್‌ನಲ್ಲಿ ಅಂಕ ಕಳೆದುಕೊಳ್ಳುವುದು ಎಲ್ಲಿ? ಗಣಿತ ಬರದೆ ಅಲ್ಲ. ‘ಪೂರ್ಣಾಂಕ’ ಅಂದಿದ್ದನ್ನು ‘ಸಂಖ್ಯೆ’ ಅಂತ ಓದುತ್ತಾರೆ. ‘ಬೇರೆ ಬೇರೆ ಸಂಖ್ಯೆಗಳು’ ಅನ್ನುವ ಮಾತನ್ನು ಹಾರಿಸುತ್ತಾರೆ. ‘ಸರಿಯಾದವನ್ನೆಲ್ಲ ಆರಿಸಿ’ ಅಂದಲ್ಲಿ ಒಂದನ್ನೇ ಆರಿಸಿ ಮುಂದೆ ಹೋಗುತ್ತಾರೆ. ಅಲ್ಲಿ ಮೂರು ಸರಿ ಇದ್ದು ಎರಡು ಗುರುತು ಮಾಡಿದರೂ ಸೊನ್ನೆಯೇ. ರೇಖಾಗಣಿತದ ಚಿತ್ರ ನೋಡಿ ‘ಇದು ಲಂಬಕೋನ ಇದ್ದ ಹಾಗಿದೆ’ ಅಂದುಕೊಳ್ಳುತ್ತಾರೆ. ಆ ಚಿತ್ರಗಳು ಅಳತೆಗೆ ಸರಿಯಾಗಿಯೇ ಇರಬೇಕೆಂದಿಲ್ಲ ಅಂತ ಸೂಚನೆಯಲ್ಲೇ ಬರೆದಿರುತ್ತಾರೆ. ಸೂಚನೆ ಓದುವವರು ಯಾರು?

ನನ್ನದೇ ಒಂದು ಅನುಭವ ಹೇಳುತ್ತೇನೆ. ಕ್ವಾಂಟ್‌ನ ಮೊದಲ ಭಾಗದಲ್ಲಿ ಒಂದು ವೃತ್ತದ ಲೆಕ್ಕ ಬಂತು. ನನಗೆ ಬರುವ ಲೆಕ್ಕವೇ. ಆದರೆ ಉತ್ತರ ಆಯ್ಕೆಗಳಲ್ಲಿ ಇರಲಿಲ್ಲ. ಮತ್ತೆ ಮಾಡಿದೆ, ಮತ್ತೆ ಅದೇ ಉತ್ತರ. ರಫ್ ಶೀಟಿನ ಅರ್ಧ ಪುಟ ತುಂಬಿತು. ಐದು ನಿಮಿಷ ಹೋಯಿತು. ಕೊನೆಗೆ ನೋಡಿದರೆ ಅವರು ಕೊಟ್ಟಿದ್ದು ವ್ಯಾಸ, ನಾನು ಹಿಡಿದಿದ್ದು ತ್ರಿಜ್ಯ. ಆ ಐದು ನಿಮಿಷದ ಬೆಲೆಯನ್ನು ಕೊನೆಯ ಮೂರು ಪ್ರಶ್ನೆಗಳು ತೆತ್ತವು. ಒಂದು ಭಾಗದ ಒಳಗೆ ಸುಲಭದ ಪ್ರಶ್ನೆಗೂ ಕಷ್ಟದ ಪ್ರಶ್ನೆಗೂ ಒಂದೇ ತೂಕ. ಪ್ರಶ್ನೆಗೆ ಗುರುತು ಹಾಕಿ ಮುಂದೆ ಹೋಗಿ, ಸಮಯ ಉಳಿದರೆ ವಾಪಸ್ ಬರಬಹುದು. ಇದು ಗೊತ್ತಿದ್ದರೂ ಆ ಹೊತ್ತಿನಲ್ಲಿ ಹಟ ಬಿಡುವುದು ಕಷ್ಟ. ಅದನ್ನೂ ಅಭ್ಯಾಸ ಮಾಡಬೇಕು.

ಮೊದಲ ಭಾಗ ಮುಖ್ಯ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮೊದಲ ಭಾಗದಲ್ಲಿ ನೀವು ಹೇಗೆ ಮಾಡಿದಿರಿ ಅಂತ ನೋಡಿ ಕಂಪ್ಯೂಟರ್ ಎರಡನೇ ಭಾಗ ಕೊಡುತ್ತದೆ. ಚೆನ್ನಾಗಿ ಮಾಡಿದವರಿಗೆ ಕಷ್ಟದ್ದು ಬರುತ್ತದೆ. ಅಂಕ ಲೆಕ್ಕ ಹಾಕುವಾಗ ಆ ಕಷ್ಟವನ್ನೂ ಸೇರಿಸಿಕೊಳ್ಳುತ್ತಾರೆ. ಹಾಗಾಗಿ ಎರಡನೇ ಭಾಗ ಬಿಗಿಯಾಗಿದೆ ಅನ್ನಿಸಿದರೆ ಎದೆ ಒಡೆದುಕೊಳ್ಳಬೇಡಿ. ಮೊದಲನೆಯದು ಚೆನ್ನಾಗಿ ಹೋಗಿದೆ ಅಂತಲೂ ಅದರ ಅರ್ಥ ಇರಬಹುದು.

ಈಗ ನೀವು ಹೆದರುವ ವರ್ಬಲ್‌ಗೆ ಬರೋಣ. ನಾನು ತಿಪಟೂರಿನ ಹತ್ತಿರದ ಹಳ್ಳಿಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ತಯಾರಿ ಶುರು ಮಾಡಿದಾಗ ಒಂದು ಕೋಚಿಂಗ್ ಸೆಂಟರ್‌ಗೆ ಹೋದೆ. ಮೊದಲ ದಿನವೇ 3,000 ಪದಗಳ ಪಟ್ಟಿ ಕೈಗಿಟ್ಟರು. ಮೂರು ತಿಂಗಳು ಉರು ಹೊಡೆದೆ. ಬಸ್ಸಿನಲ್ಲಿ, ಊಟ ಮಾಡುವಾಗ, ಮಲಗುವ ಮುಂಚೆ. ಆ ಮೂರು ತಿಂಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಯಾಕೆಂದರೆ ಪರೀಕ್ಷೆಯಲ್ಲಿ ನನ್ನನ್ನು ಎಡವಿಸಿದ್ದು ಗೊತ್ತಿಲ್ಲದ ಪದಗಳಲ್ಲ, ಗೊತ್ತಿದ್ದ ಪದಗಳು.

‘ಸ್ಯಾಂಕ್ಷನ್’ ತೆಗೆದುಕೊಳ್ಳಿ. ನಮ್ಮ ಊರಿನಲ್ಲಿ ಓದು ಬರೆಹ ಬಾರದವರಿಗೂ ಗೊತ್ತಿರುವ ಪದ. ‘ಬ್ಯಾಂಕಿನಲ್ಲಿ ಲೋನ್ ಸ್ಯಾಂಕ್ಷನ್ ಆಯ್ತು’ ಅಂತೀವಿ. ಅಂದರೆ ಒಪ್ಪಿಗೆ. ಆದರೆ ಒಂದು ದೇಶ ಇನ್ನೊಂದು ದೇಶದ ಮೇಲೆ ಸ್ಯಾಂಕ್ಷನ್ ಹಾಕಿತು ಅಂದರೆ ಅದು ದಂಡನೆ. ಒಂದೇ ಪದ, ಎದುರುಬದುರು ಅರ್ಥ. ‘ಕ್ವಾಲಿಫೈ’ ಅಂದರೆ ನಮಗೆ ಸೆಮಿಫೈನಲ್‌ಗೆ ಕ್ವಾಲಿಫೈ ಆಗುವುದು. ವಾದದ ಬರಹದಲ್ಲಿ ಒಂದು ಮಾತನ್ನು ಕ್ವಾಲಿಫೈ ಮಾಡುವುದು ಅಂದರೆ ಅದಕ್ಕೆ ಷರತ್ತು ಹಾಕಿ ಅದರ ಬಿಗಿ ಸಡಿಲಿಸುವುದು. ‘ಚೆಕ್’ ಅಂದರೆ ಪರೀಕ್ಷಿಸುವುದೂ ಹೌದು, ತಡೆಯುವುದೂ ಹೌದು. ಜಿಆರ್‌ಇಗೆ ಇಂಥ ಪದಗಳ ಮೇಲೆ ಬಹಳ ಪ್ರೀತಿ.

ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಕನ್ನಡದಲ್ಲಿ ‘ಕಟ್ಟು’ ಅನ್ನುವ ಪದವನ್ನೇ ನೋಡಿ. ಮನೆ ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ, ಹಸು ಕಟ್ಟುತ್ತೇವೆ, ಕತೆ ಕಟ್ಟುತ್ತೇವೆ. ಮೂಗು ಕಟ್ಟುತ್ತದೆ. ಯಾವ ಕಟ್ಟು ಅಂತ ನಮಗೆ ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ಅಕ್ಕಪಕ್ಕದ ಪದ ನೋಡಿ ತಿಳಿದುಕೊಂಡೆವು. ಇಂಗ್ಲಿಷಿನಲ್ಲೂ ಪದ ಹಾಗೇ ಹತ್ತುವುದು, ವಾಕ್ಯದ ಒಳಗಿಟ್ಟು ನೋಡಿದಾಗ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲೂ ಅಷ್ಟೇ. ‘ಊರಿನವರು ಅವರನ್ನು ಜಿಪುಣ ಅಂತಿದ್ದರು; ಆದರೆ ಶಾಲೆಯ ಕಟ್ಟಡಕ್ಕೆ ದುಡ್ಡು ಕೊಡುವಾಗ ಅವರ ಕೈ (ಖಾಲಿ ಜಾಗ).’ ಏನು ತುಂಬುತ್ತೀರಿ? ‘ಧಾರಾಳವಾಗಿತ್ತು’ ಅಂತ ಎಲ್ಲರೂ ಒಟ್ಟಿಗೆ ಹೇಳಿದಿರಿ. ಈಗ ‘ಆದರೆ’ ತೆಗೆದು ‘ಅದಕ್ಕೆ ತಕ್ಕ ಹಾಗೆ’ ಅಂತ ಹಾಕಿ. ಕೈ ಬಿಗಿಯಾಯಿತು. ಉತ್ತರ ಇರುವುದು ಖಾಲಿ ಜಾಗದಲ್ಲಿ ಅಲ್ಲ, ‘ಆದರೆ’ಯಲ್ಲಿ. ಮೊದಲು ನಿಮ್ಮ ಮಾತಿನಲ್ಲೇ ಜಾಗ ತುಂಬಿ. ಆಮೇಲೆ ಆಯ್ಕೆಗಳ ಕಡೆ ನೋಡಿ. ಆಯ್ಕೆಗಳನ್ನು ಮೊದಲು ನೋಡಿದರೆ ಅವು ನಿಮ್ಮನ್ನು ಎಳೆದುಕೊಂಡು ಹೋಗುತ್ತವೆ.

ಇನ್ನು ದೊಡ್ಡ ಪ್ಯಾರಾ ಓದಿ ಉತ್ತರಿಸುವುದು. ನಮ್ಮವರು ಜಾಸ್ತಿ ಸೋಲುವುದು ಇಲ್ಲೇ ಅನ್ನುವುದು ನನ್ನ ಅನುಭವ. ಅದಕ್ಕೆ ಇಂಗ್ಲಿಷ್ ಕಾರಣ ಅಲ್ಲ ಅಂತ ತೋರಿಸಲು ಒಂದು ಪ್ಯಾರಾವನ್ನು ಕನ್ನಡದಲ್ಲೇ ಬರೆದುಕೊಂಡು ಬಂದಿದ್ದೇನೆ. ಕೇಳಿ.

‘ಹಿಂದಿನವರು ಬೇಸಿಗೆಯಲ್ಲಿ ಕೆರೆಯ ಹೂಳು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ಇದರಿಂದ ಕೆರೆಯೂ ಆಳವಾಗಿ ಉಳಿಯುತ್ತಿತ್ತು, ಹೊಲವೂ ಫಲವತ್ತಾಗುತ್ತಿತ್ತು ಎಂದು ಹಲವರು ಹೇಳುತ್ತಾರೆ. ಆದರೆ ಎಲ್ಲ ಕೆರೆಯ ಹೂಳೂ ಒಂದೇ ಥರ ಇರುವುದಿಲ್ಲ. ಮರಳು ಜಾಸ್ತಿ ಇರುವ ಹೂಳಿನಿಂದ ಹೊಲಕ್ಕೆ ಆಗುವ ಲಾಭ ಕಡಿಮೆ.’

ಪ್ರಶ್ನೆ: ಲೇಖಕರು ಯಾವ ಮಾತನ್ನು ಒಪ್ಪುತ್ತಾರೆ? ಒಂದು, ಹೂಳು ಹೊಡೆಯುವುದರಿಂದ ಹೊಲಕ್ಕೆ ಲಾಭ ಇಲ್ಲ. ಎರಡು, ಹಿಂದಿನವರಿಗೆ ಮಣ್ಣಿನ ಬಗ್ಗೆ ಗೊತ್ತಿರಲಿಲ್ಲ. ಮೂರು, ಹೂಳಿನಿಂದ ಆಗುವ ಲಾಭ ಆ ಹೂಳಿನಲ್ಲಿ ಏನಿದೆ ಅನ್ನುವುದರ ಮೇಲೂ ನಿಂತಿದೆ.

ಮೊದಲನೆಯದಕ್ಕೆ ಹತ್ತು ಹನ್ನೆರಡು ಕೈ ಬಂದವು. ‘ಆದರೆ’ ಅಂತ ಕೇಳಿದ ತಕ್ಷಣ ಲೇಖಕರು ಪೂರ್ತಿ ವಿರೋಧ ಅಂತ ನಾವು ತೀರ್ಮಾನ ಮಾಡಿಬಿಡುತ್ತೇವೆ. ಅವರು ‘ಕಡಿಮೆ’ ಅಂದರು, ‘ಇಲ್ಲ’ ಅನ್ನಲಿಲ್ಲ. ಹಿಂದಿನವರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಅಂತ ಚಕಾರವನ್ನೇ ಎತ್ತಲಿಲ್ಲ. ಸರಿ ಉತ್ತರ ಮೂರನೆಯದು. ಅದು ಸಪ್ಪೆಯಾಗಿದೆ, ಅದರಲ್ಲಿ ಜೋರಿಲ್ಲ. ಜಿಆರ್‌ಇಯಲ್ಲಿ ಸರಿ ಉತ್ತರ ಬಹಳ ಸಲ ಹೀಗೇ ಇರುತ್ತದೆ. ‘ಯಾವಾಗಲೂ’, ‘ಮಾತ್ರ’, ‘ಎಲ್ಲರೂ’ ಅಂತ ಎದೆ ತಟ್ಟಿಕೊಂಡು ಬರುವ ಆಯ್ಕೆಯನ್ನು ಎರಡು ಸಲ ನೋಡಿ.

ಇದನ್ನು ಕನ್ನಡದಲ್ಲೇ ಅಭ್ಯಾಸ ಮಾಡಬಹುದು. ಬೆಳಗ್ಗೆ ಪೇಪರಿನ ಸಂಪಾದಕೀಯ ತೆಗೆದುಕೊಳ್ಳಿ. ಯಾವ ಸಾಲು ಲೇಖಕರ ಅಭಿಪ್ರಾಯ, ಯಾವುದು ಬೇರೆಯವರ ಮಾತು, ಯಾವುದು ಉದಾಹರಣೆ ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಹದಿನೈದು ದಿನ ಮಾಡಿ. ಆಮೇಲೆ ಅದೇ ಕೆಲಸವನ್ನು ಇಂಗ್ಲಿಷ್ ಪೇಪರಿನಲ್ಲಿ ಮಾಡಿ. ಕಣ್ಣು ಒಂದು ಭಾಷೆಯಲ್ಲಿ ಕಲಿತದ್ದನ್ನು ಇನ್ನೊಂದರಲ್ಲಿ ಮರೆಯುವುದಿಲ್ಲ. ಪದ ಕಲಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಕಲಿಯಿರಿ, ದಿನಕ್ಕೆ ಹತ್ತು ಸಾಕು, ಒಂದೊಂದನ್ನೂ ವಾಕ್ಯದ ಜೊತೆ.

ಪ್ರಬಂಧದ ಬಗ್ಗೆ ಎರಡೇ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಬರೆದು ನಮಗೆಲ್ಲ ರೂಢಿ. ಅದು ಬುನಾದಿಗೆ ಒಳ್ಳೆಯದೇ. ಆದರೆ ಇಲ್ಲಿ ವಿಷಯದ ಬಗ್ಗೆ ಗೊತ್ತಿರುವುದನ್ನೆಲ್ಲ ಸುರಿಯುವುದಲ್ಲ. ಒಂದು ಹೇಳಿಕೆ ಕೊಟ್ಟಿರುತ್ತಾರೆ, ಅದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ, ಯಾಕೆ ಅಂತ ಹೇಳಬೇಕು. ನಿಮ್ಮ ಮಾತು ಯಾವ ಸಂದರ್ಭದಲ್ಲಿ ನಿಲ್ಲುವುದಿಲ್ಲ ಅನ್ನುವುದನ್ನೂ ನೀವೇ ಹೇಳಿದರೆ ಬರಹಕ್ಕೆ ತೂಕ ಬರುತ್ತದೆ. ಬರಬಹುದಾದ ವಿಷಯಗಳ ಪೂರ್ತಿ ಪಟ್ಟಿಯನ್ನು ಇಟಿಎಸ್ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ.

ಅಂಕದ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ‘320 ದಾಟಿದರೆ ಸಾಕು’ ಅನ್ನುವ ಮಾತನ್ನು ನೀವು ಕೇಳಿರುತ್ತೀರಿ. ಎರಡು ಅಂಕ ಕೂಡಿಸಿದ ಆ ಮೊತ್ತ ಕಣ್ಣಿಗೆ ಮಣ್ಣೆರಚುತ್ತದೆ. ವರ್ಬಲ್‌ನಲ್ಲಿ 160 ಬಂದರೆ ನೂರಕ್ಕೆ 80ಕ್ಕೂ ಜಾಸ್ತಿ ಜನರಿಗಿಂತ ನೀವು ಮುಂದೆ. ಕ್ವಾಂಟ್‌ನಲ್ಲಿ ಅದೇ 160 ಬಂದರೆ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗಿಂತ ಮುಂದೆ, ಅಷ್ಟೇ. ಭಾರತ, ಚೀನಾದಿಂದ ಎಂಜಿನಿಯರಿಂಗ್ ಓದಿದವರು ಗುಂಪುಗುಂಪಾಗಿ ಬರೆಯುವ ಪರೀಕ್ಷೆ ಇದು. ಕ್ವಾಂಟ್‌ನಲ್ಲಿ ಮೇಲಿನ ಮೆಟ್ಟಿಲುಗಳು ತುಂಬಿ ಹೋಗಿವೆ. ಎಂಜಿನಿಯರಿಂಗ್‌ಗೆ ಅರ್ಜಿ ಹಾಕುವವರು ಅಲ್ಲಿ ಎರಡು ಮೂರು ಅಂಕ ಜಾರಿದರೂ ಬಹಳ ಮೆಟ್ಟಿಲು ಕೆಳಗೆ ಬಂದಿರುತ್ತಾರೆ.

ಈ ಪರೀಕ್ಷೆಯನ್ನು ಪ್ರಶ್ನಿಸುವವರೂ ಇದ್ದಾರೆ. ಅವರ ಮಾತನ್ನೂ ನೀವು ಕೇಳಬೇಕು. 2014ರಲ್ಲಿ ಕೇಸಿ ಮಿಲ್ಲರ್ ಮತ್ತು ಕೀವನ್ ಸ್ಟಾಸನ್ ಅನ್ನುವ ಇಬ್ಬರು ಭೌತವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಈ ಅಂಕವನ್ನು ಜರಡಿಯಾಗಿ ಬಳಸಿದರೆ ಹೆಣ್ಣುಮಕ್ಕಳು, ಅಲ್ಪಸಂಖ್ಯಾತ ಸಮುದಾಯದವರು ಹೊರಗೆ ಉಳಿಯುತ್ತಾರೆ ಅನ್ನುವುದು ಅವರ ವಾದ. ಆಮೇಲೆ ಒಂದೊಂದೇ ವಿಭಾಗ ಜಿಆರ್‌ಇ ಕೈಬಿಡತೊಡಗಿತು. 2020ರಲ್ಲಿ ಕೊರೊನಾ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಇನ್ನೂ ಬಹಳಷ್ಟು ವಿಭಾಗಗಳು ಬಿಟ್ಟವು. ಇಷ್ಟು ಅಂಕ ಬಂದಿಲ್ಲ ಅನ್ನುವ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕಬೇಡಿ ಅಂತ ಇಟಿಎಸ್ ಕೂಡ ವಿಶ್ವವಿದ್ಯಾಲಯಗಳಿಗೆ ಹೇಳುತ್ತದೆ.

ಆ ವಾದದಲ್ಲಿ ನಿಜ ಇದೆ. ನಮ್ಮಲ್ಲಿ ಈ ಪರೀಕ್ಷೆಯ ಫೀಸೇ 20 ಸಾವಿರ ದಾಟುತ್ತದೆ. ಕೋಚಿಂಗ್, ಬೆಂಗಳೂರಿಗೆ ಓಡಾಟ ಬೇರೆ. ಅಡಿಕೆಗೋ ಕೊಬ್ಬರಿಗೋ ಬೆಲೆ ಬಿದ್ದ ವರ್ಷ ಈ ದುಡ್ಡು ಹೊಂದಿಸುವುದು ಅಂದರೆ ಏನು ಅಂತ ನನಗೆ ಗೊತ್ತು. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ಅಳತೆಗೋಲು ಪೂರ್ತಿ ಹೋದರೆ ಉಳಿಯುವುದು ಕಾಲೇಜಿನ ಹೆಸರು, ದೊಡ್ಡವರ ಶಿಫಾರಸು ಪತ್ರ, ದುಬಾರಿ ಇಂಟರ್ನ್‌ಶಿಪ್. ಇವು ನಮ್ಮಂಥವರಿಗೆ ಇನ್ನೂ ದೂರ. ಹಾಗಾಗಿ ಇದು ಇರಲಿ, ಆದರೆ ಒಂಟಿಯಾಗಿ ತೀರ್ಪು ಕೊಡುವುದು ಬೇಡ.

ಇಷ್ಟು ನನ್ನ ಮಾತು. ಈಗ ನಿಮ್ಮ ಪ್ರಶ್ನೆಗಳು.

(ಮೊದಲು ಎದ್ದವರು ಕೊನೆಯ ವರ್ಷದ ಇನ್ಫರ್ಮೇಷನ್ ಸೈನ್ಸ್ ವಿದ್ಯಾರ್ಥಿನಿ.) ‘ಸರ್, ಜಿಆರ್‌ಇ ಆಪ್ಷನಲ್ ಅಂತ ಬರೆದಿರ್ತಾರಲ್ಲ, ಅಂಥ ಕಡೆ ಕಳಿಸಬೇಕಾ?’

ಒಳ್ಳೆಯ ಪ್ರಶ್ನೆಯಮ್ಮ. ಮೂರು ಥರ ಇರುತ್ತವೆ: ಕಡ್ಡಾಯ, ಐಚ್ಛಿಕ, ಕಳಿಸಿದರೂ ನೋಡುವುದಿಲ್ಲ ಅನ್ನುವುದು. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳಲ್ಲೇ ಬೇರೆ ಬೇರೆ ನಿಯಮ ಇರಬಹುದು. ಅದಕ್ಕೇ ಮೊದಲು ನೀನು ಅರ್ಜಿ ಹಾಕುವ ವಿಭಾಗಗಳ ಪಟ್ಟಿ ಮಾಡಿಕೊ. ಒಂದು ಕಡೆಯೂ ಬೇಡ ಅಂದರೆ 20 ಸಾವಿರ ಉಳಿಯಿತು. ಐಚ್ಛಿಕ ಇರುವ ಕಡೆ, ಕ್ವಾಂಟ್ ಚೆನ್ನಾಗಿ ಬಂದಿದ್ದರೆ ಕಳಿಸು. ನಮ್ಮ ಕಾಲೇಜಿನ ಹೆಸರು ಅಲ್ಲಿ ಗೊತ್ತಿಲ್ಲದಿದ್ದರೆ ಆ ಅಂಕ ನಿನ್ನ ಪರವಾಗಿ ಮಾತಾಡುತ್ತದೆ. ಚೆನ್ನಾಗಿ ಬಂದಿಲ್ಲ ಅಂದರೆ ಕಳಿಸುವ ಬಲವಂತ ಇಲ್ಲ. ಎರಡು ಸಲ ಬರೆದಿದ್ದರೆ ಯಾವುದನ್ನು ಕಳಿಸಬೇಕು ಅನ್ನುವುದೂ ನಿನ್ನ ಇಷ್ಟ.

(ಮಗನ ಜೊತೆ ಬಂದಿದ್ದ ತಂದೆಯೊಬ್ಬರು ಕೇಳಿದರು.) ‘ಕೋಚಿಂಗ್‌ಗೆ 40 ಸಾವಿರ ಕೇಳ್ತಿದಾರೆ. ಸೇರಿಸ್ಲಾ?’

ಯಜಮಾನರೇ, ಈಗಲೇ ಕಟ್ಟಬೇಡಿ. ಇಟಿಎಸ್ ವೆಬ್‌ಸೈಟಿನಲ್ಲಿ ಪವರ್‌ಪ್ರೆಪ್ ಅಂತ ಎರಡು ಪೂರ್ತಿ ಮಾದರಿ ಪರೀಕ್ಷೆಗಳು ಪುಕ್ಕಟೆ ಸಿಗುತ್ತವೆ. ನಿಜವಾದ ಪರೀಕ್ಷೆಯ ಥರವೇ ಇರುತ್ತವೆ. ಈ ಭಾನುವಾರ ಮಗನನ್ನು ಕೂರಿಸಿ ಒಂದನ್ನು ಬರೆಸಿ, ಫೋನ್ ನಿಮ್ಮ ಹತ್ತಿರ ಇರಲಿ. ತಪ್ಪಾದ ಒಂದೊಂದು ಪ್ರಶ್ನೆಯ ಮುಂದೆ ‘ಬರಲಿಲ್ಲ’ ಅಥವಾ ‘ಸರಿಯಾಗಿ ಓದಲಿಲ್ಲ’ ಅಂತ ಅವನ ಕೈಯಲ್ಲೇ ಬರೆಸಿ. ‘ಓದಲಿಲ್ಲ’ ಜಾಸ್ತಿ ಇದ್ದರೆ ಅದನ್ನು ಕೋಚಿಂಗ್‌ನವರು ಸರಿ ಮಾಡಲಾರರು, ಅವನೇ ಮಾಡಿಕೊಳ್ಳಬೇಕು. ಎರಡನೆಯದನ್ನು ಪರೀಕ್ಷೆಗೆ ಎರಡು ವಾರ ಇರುವಾಗ ಬರೆಯಲಿ. ಅಂಕ ಕಡಿಮೆ ಬಂದರೆ 21 ದಿನ ಬಿಟ್ಟು ಮತ್ತೆ ಪರೀಕ್ಷೆ ಬರೆಯಬಹುದು, ಆದರೆ ಮತ್ತೆ ಪೂರ್ತಿ ಫೀಸು.

(ಕೊನೆಯ ಪ್ರಶ್ನೆ ಮೂರನೇ ವರ್ಷದ ಹುಡುಗನದು.) ‘ಸರ್, ನನ್ನ ಹೆಸರಿನ ಮುಂದೆ ಬರೀ ಇನಿಷಿಯಲ್ ಇದೆ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ತೊಂದರೆ ಆಗುತ್ತಾ?’

ಇದನ್ನು ಎಲ್ಲರೂ ಕೇಳಿಸಿಕೊಳ್ಳಿ. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಸೇರಿ ಎರಡು ಅಕ್ಷರ ಆಗುತ್ತವೆ. ಸರ್‌ನೇಮ್ ಇರುವುದೇ ಇಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಜಿಆರ್‌ಇಗೆ ನೋಂದಾಯಿಸಿದ ಹೆಸರು ನೀವು ತೋರಿಸುವ ಗುರುತಿನ ಚೀಟಿಯ ಹೆಸರಿಗೆ ಸರಿಯಾಗಿ ಹೊಂದಬೇಕು. ಹೊಂದದಿದ್ದರೆ ಬಾಗಿಲಿನಿಂದಲೇ ವಾಪಸ್ ಕಳಿಸಬಹುದು, ಫೀಸೂ ಹೋಗುತ್ತದೆ. ಅದಕ್ಕೇ ಮೊದಲು ಪಾಸ್‌ಪೋರ್ಟ್ ಮಾಡಿಸು. ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರು ಹೇಗೆ ಬರೆಸಬೇಕು ಅಂತ ಮನೆಯಲ್ಲಿ ಕೂತು ಮಾತಾಡಿ. ಅದು ಕೈಗೆ ಬಂದ ಮೇಲೆ, ಅದನ್ನು ಮುಂದೆ ಇಟ್ಟುಕೊಂಡು, ಒಂದೊಂದು ಅಕ್ಷರ ನೋಡಿಕೊಂಡು ಫಾರಂ ತುಂಬು.